ಸೋನಾರ್ ಕೊಳ್ಳುವವರೇ, ದಕ್ಕೆಯಲ್ಲಿ ತೋರಿಸುವ ಕೆಂಪು ಹಿಂಡನ್ನು ನಂಬಬೇಡಿ

ಬೋಟಿಗೆ ಸೋನಾರ್, ಅಂದರೆ ನೀರಿನಲ್ಲಿ ಸದ್ದು ಬಿಟ್ಟು ಅದರ ಪ್ರತಿಧ್ವನಿಯಿಂದ ಮೀನಿನ ಹಿಂಡು ತೋರಿಸುವ ಮೆಷಿನ್, ಹಾಕಿಸುವ ಯೋಚನೆಯಲ್ಲಿ ಇರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನನಗೆ ಮೋಸ ಮಾಡಿದವನು ಮೊನ್ನೆ ಇನ್ನೊಂದು ಬೋಟಿನಿಂದ ಇಳಿದು ಬರುವುದನ್ನು ಕಂಡೆ. ಅದೇ ಬ್ಯಾಗು, ಅದೇ ಮಾತು. ಆ ಬೋಟಿನ ಮಾಲೀಕರ ಹತ್ತಿರ ನಾನು ಓಡಿ ಹೋಗುವಷ್ಟರಲ್ಲಿ ಅವರು ಅಡ್ವಾನ್ಸ್ ಕೊಟ್ಟಾಗಿತ್ತು. ನಾಚಿಕೆ ಅಂತ ಇಷ್ಟು ದಿನ ನಾನು ಬಾಯಿ ಮುಚ್ಚಿಕೊಂಡಿದ್ದದ್ದೇ ತಪ್ಪು.

ನನ್ನದು ಪರ್ಸಿನ್ ಬೋಟು, ಹಿಂಡಿನ ಸುತ್ತ ಬಲೆ ಬಿಟ್ಟು ಹಿಡಿಯುವಂಥದ್ದು. ಫಿಶ್ ಫೈಂಡರ್ ಮೊದಲೇ ಇತ್ತು. ಅದು ಬೋಟಿನ ಅಡಿಯಲ್ಲಿರುವುದನ್ನು ಮಾತ್ರ ತೋರಿಸುತ್ತದೆ, ಬೋಟು ಹಿಂಡಿನ ಮೇಲೆ ಹೋಗಿ ನಿಂತ ಮೇಲೆ ಗೊತ್ತಾಗಿ ಏನು ಪ್ರಯೋಜನ? ಸುತ್ತಲೂ ನೋಡುವ ಸೋನಾರ್ ಬೇಕು ಅಂತ ಮೂರು ವರ್ಷದಿಂದ ಆಸೆ. ಇವನು ಬಂದ. ‘360 ಡಿಗ್ರಿ ಸ್ಕ್ಯಾನಿಂಗ್, ಸುತ್ತ 1500 ಮೀಟರ್ ಒಂದು ಮೀನೂ ತಪ್ಪಲ್ಲ ಅಣ್ಣ’ ಅಂದ. ನಾನು ನಂಬಿದೆ.

ಡೆಮೊ ಕೊಟ್ಟದ್ದು ಬೋಟು ಕಟ್ಟುವ ದಕ್ಕೆಯಲ್ಲಿ. ಬೋಟು ಹಗ್ಗದಲ್ಲಿ ಕಟ್ಟಿತ್ತು. ಕ್ಯಾಬಿನ್ನಿನಲ್ಲಿ ಪರದೆ ಇಟ್ಟು ಆನ್ ಮಾಡಿದ. ನೀಲಿ ವೃತ್ತ, ನಡುವೆ ನಮ್ಮ ಬೋಟಿನ ಗುರುತು, ಬಲಗಡೆ ಮುಂದೆ ದಪ್ಪ ಕೆಂಪು ಹಿಂಡು, ಅದರ ಹಿಂದೆ ಹಳದಿ ಬಾಲ. ‘ನೋಡಿ ಅಣ್ಣ, ಹೇಗೆ ಕಾಣ್ತಿದೆ!’ ಅಂತ ಬೆರಳಿಟ್ಟು ತೋರಿಸಿದ. ಇನ್ನೊಂದು ಕೈ ಪರದೆಯ ಮೇಲಿನ ಮೂಲೆಯ ಮೇಲೇ ಇತ್ತು. ಆ ಕೈ ಯಾಕೆ ಅಲ್ಲಿತ್ತು ಅಂತ ಆಗ ನನಗೆ ಹೊಳೆಯಲಿಲ್ಲ. ಖಲಾಸಿಗಳೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಸಮುದ್ರದಲ್ಲಿ ಒಂದು ಟ್ರಿಪ್ ನೋಡಿಯೇ ಬಾಕಿ ಕೊಡುವುದು ಎಲ್ಲರ ಪದ್ಧತಿ. ಸೀಸನ್ ಶುರುವಾಗುವ ಅವಸರದಲ್ಲಿ ನಾನು ಪೂರ್ತಿ ಹಣ ಅಲ್ಲೇ ಕೊಟ್ಟೆ. ಪೂರ್ತಿ!

ಮೊದಲ ಟ್ರಿಪ್ಪಿನಲ್ಲೇ ಕಷ್ಟ ಶುರು. ಎಡಗಡೆ ಬೂತಾಯಿ ಮೀನು ನೀರಿನ ಮೇಲೆ ಮಿಂಚುತ್ತಿದೆ, ಬರಿಗಣ್ಣಿಗೆ ಕಾಣುತ್ತಿದೆ, ಪರದೆಯ ಎಡಗಡೆ ಏನೂ ಇಲ್ಲ. ಆಮೇಲೆ ಅದು ಅಲ್ಲಿ ಮೂಡುವಷ್ಟರಲ್ಲಿ ಹಿಂಡು ಎಲ್ಲೋ, ನಾವು ಎಲ್ಲೋ. ದಡದ ಸಿಗ್ನಲ್ ಸಿಕ್ಕ ಕೂಡಲೇ ಫೋನ್ ಮಾಡಿದೆ. ‘ಗೇನ್ ಜಾಸ್ತಿ ಮಾಡಿ ಅಣ್ಣ’ ಅಂದ. ವಾಪಸ್ ಬರುವ ಸದ್ದನ್ನು ಎಷ್ಟು ಹೆಚ್ಚಿಸಿ ತೋರಿಸಬೇಕು ಅನ್ನುವ ಸೆಟ್ಟಿಂಗ್ ಅದು. ಜಾಸ್ತಿ ಮಾಡಿದೆವು. ಪರದೆ ತುಂಬ ಕಲೆ. ಮತ್ತೆ ಫೋನ್. ‘ಕೆಲವು ಮೀನು ಸೋನಾರಿಗೆ ಸಿಗಲ್ಲ ಅಣ್ಣ, ಅದು ಮೀನಿನ ಗುಣ’ ಅಂದ. ಬೂತಾಯಿಯ ಮಟ್ಟಿಗೆ ಇದು ಶುದ್ಧ ಸುಳ್ಳು. ಮೀನಿನಿಂದ ವಾಪಸ್ ಬರುವ ಸದ್ದಿನ ಬಹುಪಾಲು ಅದರ ಹೊಟ್ಟೆಯ ಗಾಳಿಚೀಲದಿಂದ ಬರುವುದು. ಬೊಂಡಾಸಿಗೆ (ಸ್ಕ್ವಿಡ್) ಗಾಳಿಚೀಲ ಇಲ್ಲ, ಅದು ಮಂಕಾಗಿ ಕಾಣುತ್ತದೆ ಅಂದರೆ ಒಪ್ಪುತ್ತೇನೆ. ಬೂತಾಯಿಗೆ ಇದೆ, ಹಿಂಡೂ ಗಟ್ಟಿ. ಅದೇ ಕಾಣದಿದ್ದರೆ ಇನ್ನೇನು ಕಾಣಬೇಕು?

ಮೂರನೇ ಟ್ರಿಪ್ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. 22 ಮಾರು ನೀರು, ಅಂದರೆ ಸುಮಾರು 40 ಮೀಟರ್. ಟಿಲ್ಟ್, ಅಂದರೆ ಸದ್ದಿನ ಕಿರಣ ಕೆಳಗೆ ಬಾಗಿದ ಕೋನ, 10 ಡಿಗ್ರಿ. ಸುಮಾರು 230 ಮೀಟರ್ ದೂರದಲ್ಲಿ ಉದ್ದನೆಯ ಕೆಂಪು ಕಮಾನು. ಬೋಟು ನಡೆಸುವ ನಮ್ಮ ತಂಡೇಲರು ನೋಡಿದವರೇ ‘ಇದು ನೆಲ ಇರಬೇಕು’ ಅಂದರು. ನಾನು ಕೇಳಲಿಲ್ಲ. ಯಾಕೆಂದರೆ ಮಾರಿದವನು ‘ಕೆಂಪು ಅಂದ್ರೆ ಮೀನೇ, ಯೋಚನೆ ಮಾಡದೆ ಬಲೆ ಬಿಡಿ’ ಅಂದಿದ್ದ. ಬಿಟ್ಟೆವು. ಬಲೆ ಕಲ್ಲಿಗೆ ಸಿಕ್ಕಿ ಹರಿಯಿತು. ಲೆಕ್ಕ ಸುಲಭ: ಕಿರಣ 10 ಡಿಗ್ರಿ ಕೆಳಗೆ ಬಾಗಿದ್ದರೆ 40 ಮೀಟರ್ ನೀರಿನಲ್ಲಿ ಅದು 230 ಮೀಟರ್ ಹೋಗುವಷ್ಟರಲ್ಲಿ ನೆಲ ಮುಟ್ಟುತ್ತದೆ. ಸುತ್ತಲೂ ಅಷ್ಟೇ ದೂರದಲ್ಲಿ ನೆಲ ಬಳೆಯ ಹಾಗೆ ಬರುತ್ತದೆ, ಕಲ್ಲಿರುವ ಕಡೆ ಕಡುಗೆಂಪು. ಅಂಥ ನೀರಿನಲ್ಲಿ 1500 ಮೀಟರ್ ಅನ್ನುವ ಮಾತಿಗೆ ಏನು ಅರ್ಥ? ತಂಡೇಲರು ಒಂದು ಮಾತೂ ಆಡದೆ ಹರಿದ ಬಲೆ ಎಳೆದುಕೊಂಡರು. ಅವರ ಮುಖ ನೋಡಲು ನನಗೆ ಆಗಲಿಲ್ಲ.

ಆ ರಾತ್ರಿ ಲಂಗರು ಹಾಕಿ ಒಬ್ಬನೇ ಕ್ಯಾಬಿನ್ನಿನಲ್ಲಿ ಕೂತು ಮೆನುವಿನ ಒಂದೊಂದೇ ಸಾಲು ತೆಗೆದು ನೋಡಿದೆ. ಕೊನೆಯ ಪುಟದಲ್ಲಿ ‘ಸಿಮ್ಯುಲೇಷನ್’ ಅಂತ ಇತ್ತು, ಅಂದರೆ ಮೆಷಿನ್ ತಾನೇ ಹುಟ್ಟಿಸಿ ತೋರಿಸುವ ನಕಲಿ ಚಿತ್ರ. ಒತ್ತಿದೆ. ಬಲಗಡೆ ಮುಂದೆ ಕೆಂಪು ಹಿಂಡು ಬಂತು. ಹಿಂದೆ ಹಳದಿ ಬಾಲ. ಅದೇ ಹಿಂಡು. ದಕ್ಕೆಯಲ್ಲಿ ತೋರಿಸಿದ ಅದೇ ಹಿಂಡು. ಆಫ್ ಮಾಡಿ ಮತ್ತೆ ಒತ್ತಿದೆ, ಮತ್ತೆ ಅದೇ ಜಾಗಕ್ಕೆ ಬಂತು. ಮೇಲಿನ ಮೂಲೆಯಲ್ಲಿ, ಅವನ ಕೈ ಇದ್ದ ಜಾಗದಲ್ಲಿ, ಸಣ್ಣಕ್ಷರದಲ್ಲಿ ‘ಸಿಮ್’. ಅದರ ಕೆಳಗೆ ಬೋಟಿನ ವೇಗ 10.2 ನಾಟ್. ನಾವು ಲಂಗರು ಹಾಕಿ ನಿಂತಿದ್ದೆವು.

ಬೆಳಿಗ್ಗೆ ಫೋನಿನಲ್ಲಿ ಕೇಳಿದೆ. ಅವನ ಉತ್ತರ ಹಾಗೇ ಬರೆಯುತ್ತೇನೆ: ‘ಡೆಮೊ ಅಂದ್ರೆ ಡೆಮೊ ಅಲ್ವಾ ಅಣ್ಣ? ದಕ್ಕೆಯಲ್ಲಿ ನಿಜವಾದ ಮೀನು ಎಲ್ಲಿಂದ ತರಲಿ?’

ಇನ್ನೊಂದು ಮೋಸ ಆಮೇಲೆ ತಿಳಿಯಿತು, ದೊಡ್ಡದು ಅದೇ. ನನಗೆ ಕೊಟ್ಟದ್ದು ಒಂಟಿ ಕಿರಣದ ಸೋನಾರ್, ಸರ್ಚ್‌ಲೈಟ್ ಅನ್ನುತ್ತಾರಲ್ಲ, ಅದು. ಟಾರ್ಚ್ ತಿರುಗಿಸಿದ ಹಾಗೆ ಸ್ವಲ್ಪ ಸ್ವಲ್ಪವೇ ತಿರುಗಿ ನೋಡುತ್ತದೆ. ನೀರಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 1500 ಮೀಟರ್ ಹೋಗುತ್ತದೆ. 600 ಮೀಟರ್ ಹೋಗಿ ಬರಲು 0.8 ಸೆಕೆಂಡ್. ಒಂದು ಸಲಕ್ಕೆ 6 ಡಿಗ್ರಿ ತಿರುಗಿದರೆ ಸುತ್ತು ಮುಗಿಯಲು 60 ಸಲ ಸದ್ದು ಬಿಡಬೇಕು, ಒಟ್ಟು 48 ಸೆಕೆಂಡ್. ಅಷ್ಟರಲ್ಲಿ 8 ನಾಟಿನಲ್ಲಿ ಓಡುವ ಬೋಟು ಸುಮಾರು 200 ಮೀಟರ್ ಮುಂದೆ ಹೋಗಿರುತ್ತದೆ. ಓಮ್ನಿ ಸೋನಾರ್ ಇದೇ 600 ಮೀಟರಿನ ಸುತ್ತನ್ನು ಒಂದೇ ಸದ್ದಿನಲ್ಲಿ, ಸುಮಾರು ಒಂದು ಸೆಕೆಂಡಿನಲ್ಲಿ ನೋಡಿ ಮುಗಿಸುತ್ತದೆ. ಒಂಟಿ ಕಿರಣದ ಮೆಷಿನ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಅದರ ಮಿತಿ ಗೊತ್ತಿದ್ದು ಮುಂದಿನ ಸ್ವಲ್ಪ ಭಾಗಕ್ಕೆ ಮಾತ್ರ ಇಟ್ಟುಕೊಂಡರೆ ಸಣ್ಣ ಬೋಟಿಗೆ ಉಪಯೋಗಕ್ಕೆ ಬರುತ್ತದೆ. ಓಮ್ನಿ ಅಂತ ನಂಬಿಸಿ ಅದನ್ನು ಕೊಟ್ಟದ್ದಕ್ಕೆ ನನ್ನ ಸಿಟ್ಟು. ‘ನಾನೆಲ್ಲಿ ಓಮ್ನಿ ಅಂದೆ? ಸುತ್ತ ನೋಡುತ್ತೆ ಅಂದೆ, ನೋಡುತ್ತಲ್ಲ? ಬಿಲ್ ತೆಗೆದು ನೋಡಿ’ ಅಂದ. ಬಿಲ್ಲಿನಲ್ಲಿ ಇದ್ದದ್ದು ಬರೀ ‘ಸ್ಕ್ಯಾನಿಂಗ್ ಸೋನಾರ್’.

ಟ್ರಾನ್ಸ್‌ಡ್ಯೂಸರ್ (ಸದ್ದು ಬಿಟ್ಟು ಹಿಡಿಯುವ ಭಾಗ) ಕೂರಿಸಿದ್ದೂ ಹಿಂಬದಿಯಲ್ಲಿ, ಬೋಟು ತಳ್ಳುವ ಫ್ಯಾನಿನ ಹತ್ತಿರ. ಅಲ್ಲಿ ಸದ್ದು, ಗುಳ್ಳೆ ಎರಡೂ. ಗುಳ್ಳೆ ಇದ್ದರೆ ಕಿರಣ ಹೊರಗೇ ಹೋಗುವುದಿಲ್ಲ. ಮುಂಬದಿಯಿಂದ ಬೋಟಿನ ಉದ್ದದ ಮೂರನೇ ಒಂದು ಭಾಗದಿಂದ ಅರ್ಧದೊಳಗೆ, ಬೋಟಿನ ಅಡಿಯ ಕೀಲಿಗಿಂತ (ಕೀಲ್) ಕೆಳಗೆ ಇಳಿಯುವಂತೆ ಕೂರಿಸಬೇಕಿತ್ತು. ಕೇಳಿದ್ದಕ್ಕೆ ‘ನಿಮ್ಮ ತಂಡೇಲನಿಗೆ ಮೆಷಿನ್ ನಡೆಸಲು ಬರಲ್ಲ’ ಅಂದ. ಮೂವತ್ತು ವರ್ಷ ಸಮುದ್ರ ನೋಡಿದ ಮನುಷ್ಯನಿಗೆ ಹೀಗೆ ಹೇಳಿದ. ಆಮೇಲೆ ನನ್ನ ಫೋನ್ ಎತ್ತುವುದನ್ನೇ ಬಿಟ್ಟ.

ನೀವು ಮಾಡಬೇಕಾದ್ದು ಇಷ್ಟೇ. ಬಿಲ್ಲಿನಲ್ಲಿ ಓಮ್ನಿಯೋ ಒಂಟಿ ಕಿರಣವೋ ಅಂತ ಬರೆಸಿ, ಮಾಡೆಲ್ ನಂಬರ್ ಸಹಿತ. ಡೆಮೊ ಸಮುದ್ರದಲ್ಲೇ ಆಗಲಿ, ಪರದೆಯ ನಾಲ್ಕೂ ಮೂಲೆ ನೀವೇ ಓದಿ, ಯಾರ ಕೈಯೂ ಅಡ್ಡ ಬರದಿರಲಿ. ಬಲೆ ಒಂದು ಸಲ ಬಿಟ್ಟು ಎಳೆಯುವ ತನಕ ಬಾಕಿ ಕೊಡಬೇಡಿ. ನಿಮ್ಮ ತಂಡೇಲರು ಬೇಡ ಅಂದರೆ ಬೇಡ.

ಮೊನ್ನೆ ಆ ಮಾಲೀಕರಿಗೆ ಇಷ್ಟೂ ಹೇಳಿ ಒಂದೇ ಪ್ರಶ್ನೆ ಕೇಳಿದೆ: ‘ಡೆಮೊ ನೋಡುವಾಗ ವೇಗ ಎಷ್ಟು ತೋರಿಸುತ್ತಿತ್ತು?’ ಅವರು ದಕ್ಕೆಗೆ ಕಟ್ಟಿದ್ದ ತಮ್ಮ ಬೋಟಿನ ಹಗ್ಗ ನೋಡಿದರು. ‘ಹತ್ತು ಚಿಲ್ಲರೆ’ ಅಂದರು.