ಮೂರು ಹಳೇ ಸ್ಲ್ಯಾಷರ್ ಸಿನಿಮಾ: ಯಾವುದರಿಂದ ಶುರು ಮಾಡಬೇಕು?

ನೋಡಿ ಆಮೇಲೆ ಗೆಳೆಯರ ಜೊತೆ ಕೂತು ಚರ್ಚೆ ಮಾಡುವಂಥ ಸ್ಲ್ಯಾಷರ್, ಅಂದರೆ ಕೊಲೆಗಾರ ಒಬ್ಬೊಬ್ಬರನ್ನೇ ಬೇಟೆಯಾಡಿ ಕೊಲ್ಲುವ ಭಯದ ಸಿನಿಮಾ ಬೇಕು ಅಂದಿರಲ್ವಾ? ಹಾಗಾದರೆ ‘ಬ್ಲ್ಯಾಕ್ ಕ್ರಿಸ್‌ಮಸ್’ (1974), ‘ಟೆಕ್ಸಸ್ ಚೈನ್ ಸಾ ಮ್ಯಾಸಕರ್’ (1974), ‘ಹ್ಯಾಲೋವೀನ್’ (1978) ಈ ಮೂರನ್ನು ಇಟ್ಟುಕೊಳ್ಳೋಣ. ಮೂರೂ ನೂರು ನಿಮಿಷದೊಳಗೆ ಮುಗಿಯುತ್ತವೆ, ಸಮಯದ ಚಿಂತೆ ಬೇಡ.

ರಕ್ತ ನೋಡೋಕೆ ಆಗಲ್ಲ ಅನ್ನೋರಿಗೆ ಹ್ಯಾಲೋವೀನ್ ಸಲೀಸು. ಅಲ್ಲಿ ಹೆದರಿಸುವುದು ಏನಾಗುತ್ತೋ ಅಂತ ಕಾಯುವಂತೆ ಮಾಡುವ ಕ್ಯಾಮೆರಾ ಮತ್ತು ನಿರ್ದೇಶಕ ಕಾರ್ಪೆಂಟರ್ ತಾನೇ ಮಾಡಿದ ಸಂಗೀತ. ಟೆಕ್ಸಸ್‌ನಲ್ಲೂ ಹೆಸರಿಗೆ ತಕ್ಕಷ್ಟು ರಕ್ತ ಇಲ್ಲ, ಆದರೆ ಬಿಸಿಲು, ಮೂಳೆ ತುಂಬಿದ ಮನೆ, ನಿಲ್ಲದ ಕಿರುಚಾಟ ಎಲ್ಲಾ ಸೇರಿ ತಲೆ ಕೆಡಿಸುತ್ತವೆ. ಊಟ ಮಾಡುತ್ತಾ ಮಾತ್ರ ನೋಡಬೇಡಿ.

ಅರ್ಥ ಹುಡುಕುವ ವಿಷಯಕ್ಕೆ ಬಂದರೆ ಮಜಾ ಇರುವುದೇ ಇಲ್ಲಿ. ಹ್ಯಾಲೋವೀನ್ ಬಗ್ಗೆ ‘ಮೋಜು ಮಾಡಿದ ಹುಡುಗಿಯರು ಸಾಯುತ್ತಾರೆ, ಒಳ್ಳೆಯವಳು ಉಳಿಯುತ್ತಾಳೆ’ ಅನ್ನೋ ವಾದ ಹಳೆಯದು, ಕಾರ್ಪೆಂಟರ್ ಅದನ್ನು ಒಪ್ಪಿಲ್ಲ, ನನಗೂ ಅದು ಸ್ವಲ್ಪ ಸವಕಲು ಅನಿಸುತ್ತದೆ. ಟೆಕ್ಸಸ್‌ನಲ್ಲಿ ಕಸಾಯಿಖಾನೆಗೆ ಯಂತ್ರ ಬಂದು ಜನ ಕೆಲಸ ಕಳೆದುಕೊಂಡ ಮಾತು ಶುರುವಿನಲ್ಲೇ ಬರುತ್ತದೆ, ಅಲ್ಲಿಂದ ಬಡತನ, ಮಾಂಸ, ಕುಟುಂಬ ಅಂತ ಎಲ್ಲಿಗೆ ಬೇಕಾದರೂ ಹೋಗಬಹುದು. ಕೆನಡಾದ ಬ್ಲ್ಯಾಕ್ ಕ್ರಿಸ್‌ಮಸ್‌ನಲ್ಲಿ ಕೊಲೆಗಾರ ಯಾರು ಅಂತ ಕೊನೆವರೆಗೂ ಹೇಳುವುದಿಲ್ಲ, ಜೊತೆಗೆ ಗರ್ಭಪಾತದ ನಿರ್ಧಾರ ತನ್ನದೇ ಅನ್ನುವ ನಾಯಕಿ ಇದ್ದಾಳೆ.

ಮೊದಲ ಸಲ ಸ್ಲ್ಯಾಷರ್ ನೋಡುವವರಿದ್ದರೆ ಹ್ಯಾಲೋವೀನ್ ಹಾಕಿ. ವಾದ ಮಾಡುವ ಗುಂಪಾದರೆ ಬ್ಲ್ಯಾಕ್ ಕ್ರಿಸ್‌ಮಸ್. ಗಟ್ಟಿ ಎದೆ ಇರುವವರಿಗೆ ಟೆಕ್ಸಸ್, ಆದರೆ ಮನೆಯವರ ಜೊತೆ ಬೇಡ.