ಫ್ರೆಂಡ್‌ಶಿಪ್ ಪೀಕ್‌ಗೆ ದುಡ್ಡು ಕಟ್ಟೋ ಮುಂಚೆ ಆ ಫಾರ್ಮ್ ಓದಿ

ಇದನ್ನ ಬರೆಯೋಕೆ ನಾಚಿಕೆ ಆಗ್ತಿದೆ. ಆದ್ರೂ ಬರೀತಿದೀನಿ, ಯಾಕಂದ್ರೆ ಮನಾಲಿ ಹತ್ತಿರದ ಫ್ರೆಂಡ್‌ಶಿಪ್ ಪೀಕ್ ಅನ್ನೋ ಹಿಮಶಿಖರಕ್ಕೆ ಜೂನಲ್ಲಿ ನಮ್ಮನ್ನ ಕರ್ಕೊಂಡು ಹೋದ ಟ್ರೆಕ್ಕಿಂಗ್ ಸಂಸ್ಥೆಯವರೇ ಸೆಪ್ಟೆಂಬರ್ ಬ್ಯಾಚಿಗೆ ಮತ್ತೆ ಜನ ಸೇರಿಸ್ತಿದಾರೆ.

ನಾನು, ನನ್ನ ಭಾವಮೈದುನ. ಕುಮಾರ ಪರ್ವತ, ತಡಿಯಂಡಮೋಳ್ ಹತ್ತಿದೀವಿ. ರಾಮನಗರದ ಬಂಡೆಗಳಲ್ಲಿ ಹಗ್ಗ ಕಟ್ಕೊಂಡು ನಾಲ್ಕೈದು ಭಾನುವಾರ ಕಳೆದಿದೀವಿ. ಹಿಮದ ಮೇಲೆ ಮಾತ್ರ ಒಂದು ದಿನವೂ ಕಾಲಿಟ್ಟವರಲ್ಲ. ಬೆಂಗಳೂರಲ್ಲೇ ಇರೋ ಅವರ ಆಫೀಸಿಗೆ ಹೋಗಿ ಇದನ್ನ ಎರಡೆರಡು ಸಲ ಹೇಳಿದ್ವಿ. "ಏನೂ ಯೋಚನೆ ಮಾಡ್ಬೇಡಿ ಸಾರ್, ನಿಮ್ಮಿಬ್ಬರಿಗೇ ಅಂತ ಒಬ್ಬ ಗೈಡ್, ಮೇಲೆ ಒಂದಿಡೀ ದಿನ ಟ್ರೈನಿಂಗ್" ಅಂದ್ರು. ತಲಾ 42,000 ಕಟ್ಟಿದ್ವಿ. ನಾಲ್ಕು ಪುಟದ ಫಾರ್ಮ್ ಮುಂದಿಟ್ಟು, ಪೆನ್ಸಿಲಲ್ಲಿ ಗುರುತು ಹಾಕಿದ ಕಡೆ ಸಹಿ ಮಾಡಿ ಅಂದ್ರು. ಮಾಡಿದ್ವಿ. ಓದಲಿಲ್ಲ.

ಮನಾಲಿಯಿಂದ ಧುಂದಿ, ಬಕರ್‌ಥಾಚ್, ಲೇಡಿ ಲೆಗ್ ಕ್ಯಾಂಪ್. ಅಲ್ಲೀವರೆಗೂ ಚೆನ್ನಾಗೇ ಇತ್ತು. ಇಡೀ ದಿನದ ಟ್ರೈನಿಂಗ್ ಮುಕ್ಕಾಲು ಗಂಟೆಗೆ ಮುಗೀತು. ನಮ್ಮ ಸೈಜಿನ ಸ್ನೋ ಬೂಟ್ ಇಲ್ಲ ಅಂತ ನಮ್ಮ ಟ್ರೆಕ್ಕಿಂಗ್ ಶೂಗೇ ಕ್ರಾಂಪಾನ್ (ಹಿಮದಲ್ಲಿ ಜಾರದ ಹಾಗೆ ಶೂ ಅಡಿಗೆ ಕಟ್ಟೋ ಲೋಹದ ಮುಳ್ಳಿನ ಚೌಕಟ್ಟು) ಕಟ್ಟಿದ್ರು. ನನ್ನ ಎಡಗಾಲಿನ ಕ್ರಾಂಪಾನ್ ಪಟ್ಟಿ ಹರಿದು, ನೀಲಿ ಪ್ಲಾಸ್ಟಿಕ್ ದಾರದಲ್ಲಿ ಗಂಟು ಹಾಕಿದ್ದು. ಆ ಗಂಟನ್ನ ನಾನು ಬೆರಳಲ್ಲಿ ಮುಟ್ಟಿ ನೋಡಿದೀನಿ. ಮೆತ್ತಗಿನ ಸೋಲ್ ಹೆಜ್ಜೆ ಹೆಜ್ಜೆಗೂ ಬಾಗುತ್ತೆ, ಕ್ರಾಂಪಾನ್ ಅದರ ಜೊತೆ ಬಾಗಲ್ಲ, ಅದಕ್ಕೇ ಕಳಚ್ಕೊಳ್ಳುತ್ತೆ. ಇದು ನನಗೆ ಆಮೇಲೆ ಗೊತ್ತಾಗಿದ್ದು.

ರಾತ್ರಿ ಒಂದೂವರೆಗೆ ಹೊರಡಬೇಕು. ಬಿಸಿಲು ಬಿದ್ದ ಮೇಲೆ ಹಿಮ ಮೆತ್ತಗಾಗುತ್ತೆ, ಅಷ್ಟರೊಳಗೆ ಇಳಿದಿರಬೇಕು. ಗೈಡ್ ಹುಡುಗ ನಮ್ಮಿಬ್ಬರ ಕೈಗೆ ಒಂದು ಹಗ್ಗ ಕೊಟ್ಟು, ಉಳಿದ ಏಳು ಜನರ ಕಡೆ ಹೊರಟ. ನಮ್ಮ ಗೈಡ್ ಎಲ್ಲಪ್ಪಾ ಅಂದೆ. ಅವನಿಗೆ ಅರ್ಥವೇ ಆಗಲಿಲ್ಲ. "ನೀವಿಬ್ರೂ ಬೇಸಿಕ್ ಕೋರ್ಸ್ ಮಾಡಿದೋರಲ್ವಾ?" ಅಂತ ಹಿಂದಿಯಲ್ಲಿ ಕೇಳಿದ. ಜೇಬಿಂದ ಪಟ್ಟಿ ತೆಗೆದು ಹೆಡ್‌ಲ್ಯಾಂಪ್ ಬೆಳಕಲ್ಲಿ ತೋರಿಸ್ದ. ನಮ್ಮ ಹೆಸರಿನ ಮುಂದೆ 'ಬಿಎಂಸಿ ಪಾಸ್' ಅಂತ ಇತ್ತು. ಬಿಎಂಸಿ, ಅಂದ್ರೆ ಬೇಸಿಕ್ ಮೌಂಟನಿಯರಿಂಗ್ ಕೋರ್ಸ್. ಮನಾಲಿ, ಉತ್ತರಕಾಶಿ, ಡಾರ್ಜಿಲಿಂಗ್‌ನ ಪರ್ವತಾರೋಹಣ ಸಂಸ್ಥೆಗಳಲ್ಲಿ ಸುಮಾರು ಒಂದು ತಿಂಗಳು ಇದ್ದು ಕಲಿಯೋದು. ಅದನ್ನ ನಾವು ಮುಗಿಸಿದೀವಿ ಅಂತ ನಾವೇ ಸಹಿ ಹಾಕಿ ಕೊಟ್ಟಿದ್ವಿ! ಆ ಚಳಿಯಲ್ಲಿ ಮೈ ಬೆವರಿತು. ಭಾವಮೈದುನ "ವಾಪಸ್ ಹೋಗೋಣ ಭಾವ" ಅಂದ. ನಾನು ಕೇಳಲಿಲ್ಲ. ಅಷ್ಟು ದುಡ್ಡು ಕಟ್ಟಿದೀವಿ, ಹಿಂದೆ ಹಿಂದೆ ಹೋಗೋಣ ಅಂದೆ. ಈಗಲೂ ನಿದ್ದೆ ಕೆಡಿಸೋದು ಅದೇ ಮಾತು.

ಬೆಳಕು ಹರಿಯೋ ಹೊತ್ತಿಗೆ, ಹಿಮ ಕರಗಿ ಬಂಡೆ ಎದ್ದಿದ್ದ ಕಡೆ, ಆ ನೀಲಿ ಗಂಟು ಬಿಚ್ಚಿಹೋಯ್ತು. ಜಾರಿದೆ. ಒಂದೇ ಹಗ್ಗದಲ್ಲಿ ಇಬ್ಬರಿದ್ರೆ, ಒಬ್ಬ ಬಿದ್ದಾಗ ಇನ್ನೊಬ್ಬ ಆ ಕ್ಷಣಕ್ಕೇ ಐಸ್ ಆಕ್ಸನ್ನ (ಹಿಮಗೊಡಲಿ) ಹಿಮಕ್ಕೆ ನಾಟಿ ಅದರ ಮೇಲೆ ಮೈಭಾರ ಹಾಕಬೇಕು. ಅವನಿಗೆ ಅದನ್ನ ಯಾರು ಕಲಿಸಿದ್ರು? ಅವನನ್ನೂ ಎಳ್ಕೊಂಡೇ ಹೋದೆ. ಮೂವತ್ತು ಅಡಿ ಕೆಳಗೆ ಮೆತ್ತನೆ ಹಿಮದಲ್ಲಿ ನಿಂತ್ವಿ. ನನ್ನ ಮೊಣಕಾಲು, ಅವನ ಮಣಿಕಟ್ಟು. ಗೈಡ್ ಹುಡುಗ ಓಡಿ ಬಂದು ಇಳಿಸ್ದ. ಅವನ ಮೇಲೆ ನನಗೆ ಸಿಟ್ಟಿಲ್ಲ, ಅವನಿಗೂ ಸುಳ್ಳೇ ಹೇಳಿದ್ರು.

ಬೆಂಗಳೂರಿಗೆ ಬಂದು ಫೋನ್ ಮಾಡಿದ್ರೆ, "ಸಾರ್, ಬೆಟ್ಟ ಅಂದ್ಮೇಲೆ ಇವೆಲ್ಲಾ ಇರುತ್ತೆ." ಬೇಸಿಕ್ ಕೋರ್ಸ್ ಅಂತ ಟಿಕ್ ಹಾಕಿದ್ಯಾರು ಅಂತ ಕೇಳಿದ್ರೆ, "ಸಹಿ ನಿಮ್ದೇ ಅಲ್ವಾ ಸಾರ್?" ಇದೇ ಮಾತು ಮೂರು ಸಲ. ಸಹಿ ನಿಮ್ದೇ ಅಲ್ವಾ. ಕೊನೆಗೆ ವಾಟ್ಸಾಪಲ್ಲಿ ಬಂದಿದ್ದು ಮುಂದಿನ ಸೀಸನ್‌ಗೆ 5,000 ರೂಪಾಯಿ ವೋಚರ್. ಆಮೇಲೆ ಬ್ಲಾಕ್.

ಹೋಗೋರಿದ್ರೆ ಗೈಡ್ ಸರ್ಟಿಫಿಕೇಟ್ ಫೋಟೊ ದುಡ್ಡು ಕಟ್ಟೋಕೆ ಮುಂಚೆ ಕೇಳಿ. ಬೂಟು, ಕ್ರಾಂಪಾನ್ ಮನಾಲಿಯಲ್ಲೇ ಹಾಕ್ಕೊಂಡು ನೋಡಿ, ಕ್ಯಾಂಪ್‌ವರೆಗೆ ಕಾಯ್ಬೇಡಿ. ಫಾರ್ಮಿನ ಪ್ರತಿ ಪುಟದ ಫೋಟೊ ತಗೊಳ್ಳಿ. ನಾನು ತಗೊಂಡಿರಲಿಲ್ಲ, ಈಗ ಅವರು ಪ್ರತಿ ಕೊಡ್ತಿಲ್ಲ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದೀನಿ. ಜೂನ್ ಬ್ಯಾಚಲ್ಲಿ ನಮ್ಮ ಜೊತೆ ಇದ್ದೋರು ಯಾರಾದ್ರೂ ಇದನ್ನ ಓದ್ತಿದ್ರೆ, ನಿಮ್ಮ ಫಾರ್ಮಿನ ಮೂರನೇ ಪುಟ ತೆಗೆದು ನೋಡಿ. ಅಲ್ಲೂ ಅದೇ ಟಿಕ್ ಇದ್ರೆ ದಯವಿಟ್ಟು ನನಗೊಂದು ಫೋಟೊ ಕಳಿಸಿ.