ಆಂಟಿವೈರಸ್ ಕಿತ್ತುಹಾಕುವ ಮೊದಲು ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತೆರೆದು ನೋಡಿ

ಕಂಪ್ಯೂಟರ್ ನಿಧಾನವಾದರೆ ಮೊದಲ ಬೈಗುಳ ಆಂಟಿವೈರಸ್‌ಗೇ. "ಅದನ್ನ ತೆಗೆದುಬಿಡಿ ಸಾರ್, ಎಲ್ಲಾ ಸರಿಹೋಗತ್ತೆ" ಅಂತ ಆಫೀಸಿನಲ್ಲಿ ಯಾರು ಬೇಕಾದರೂ ಹೇಳುತ್ತಾರೆ. ಎಷ್ಟೋ ಸಲ ನಿಜವೂ ಹೌದು. ಆದರೆ ಡಿಸ್ಕ್ ಹೋಗುವಾಗಲೂ ಇದೇ ಲಕ್ಷಣ ಅಲ್ವಾ? ಫೈಲ್ ತೆರೆಯಲ್ಲ, ಸೇವ್ ಕೊಟ್ಟರೆ ಒಂದು ನಿಮಿಷ ಸುಮ್ನೆ ಕೂರುತ್ತದೆ. ಎರಡರಲ್ಲಿ ಯಾವುದು ಅಂತ ತಿಳಿಯಲು ನಾನು ಮೊದಲು ತೆರೆಯುವುದು ಕ್ರಿಸ್ಟಲ್‌ಡಿಸ್ಕ್‌ಇನ್ಫೋ.

ಡಿಸ್ಕ್‌ನ ಆರೋಗ್ಯ ತೋರಿಸುವ, ಜಪಾನಿನಿಂದ ಬಂದ ಉಚಿತ ತಂತ್ರಾಂಶ ಇದು, ವಿಂಡೋಸ್‌ಗೆ ಮಾತ್ರ. ಇನ್‌ಸ್ಟಾಲ್ ಮಾಡಬೇಕಿಲ್ಲ, ಜಿಪ್ ಫೈಲೇ ಸಿಗುತ್ತದೆ, ಪೆನ್ ಡ್ರೈವ್‌ನಲ್ಲಿ ಹಾಕಿಕೊಂಡು ಓಡಾಡಬಹುದು. ಒಂದು ಎಚ್ಚರಿಕೆ, ಡೌನ್‌ಲೋಡ್ ಪುಟದಲ್ಲಿ ಸ್ಟ್ಯಾಂಡರ್ಡ್ ಆವೃತ್ತಿಯನ್ನೇ ಆರಿಸಿ. ಶಿಜುಕು ಆವೃತ್ತಿ ತೆರೆದರೆ ಕಾರ್ಟೂನ್ ಹುಡುಗಿ ಪರದೆ ತುಂಬಾ ನಿಂತಿರುತ್ತಾಳೆ, ಮ್ಯಾನೇಜರ್ ಪಕ್ಕದಲ್ಲಿದ್ದಾಗ ವಿವರಿಸುವುದು ಕಷ್ಟ.

ತೆರೆದ ಕೂಡಲೇ ಡಿಸ್ಕ್‌ನ ಸ್ಥಿತಿ ಬಣ್ಣದಲ್ಲಿ ಕಾಣುತ್ತದೆ. ನೀಲಿ ಅಂದರೆ ಚೆನ್ನಾಗಿದೆ, ಹಳದಿ ಅಂದರೆ ಹುಷಾರು, ಕೆಂಪು ಅಂದರೆ ಮುಗಿಯಿತು. ಆದರೆ ಬಣ್ಣ ನೋಡಿ ನಿಲ್ಲಬೇಡಿ, ಕೆಳಗಿನ ಪಟ್ಟಿ ಓದಿ. ಡಿಸ್ಕ್ ತನ್ನ ಬಗ್ಗೆ ತಾನೇ ಇಟ್ಟುಕೊಳ್ಳುವ ಲೆಕ್ಕ (ಸ್ಮಾರ್ಟ್) ಅದು, ಸಾಲಿಗೊಂದು ಸಂಕೇತ. ಈಚೆಗೆ ಒಂದು ಅಕೌಂಟ್ಸ್ ಆಫೀಸಿನ ಪಿಸಿಯಲ್ಲಿ ಹಳದಿ ಬಂತು. ಸಿ5 ಸಾಲಿನ ಕೊನೆಯಲ್ಲಿ ಸೊನ್ನೆಗಳ ಸಾಲು, ಆಮೇಲೆ 10. ಹತ್ತು ಅಂದುಕೊಳ್ಳಬೇಡಿ, ಅದು ಹೆಕ್ಸ್ (ಹದಿನಾರರ ಆಧಾರದ ಎಣಿಕೆ), ನಮ್ಮ ಮಾಮೂಲಿ ಲೆಕ್ಕದಲ್ಲಿ 16. ಸೆಟ್ಟಿಂಗ್‌ನಲ್ಲಿ ಡೆಸಿಮಲ್‌ಗೆ ಬದಲಾಯಿಸಬಹುದು, ಮೊದಲೇ ಹಾಗಿರಬೇಕಿತ್ತು. ಸಿ5 ಅಂದರೆ ಡಿಸ್ಕ್ ಓದಲಾಗದೆ, ಏನು ಮಾಡಬೇಕೆಂದು ಇನ್ನೂ ತೀರ್ಮಾನಿಸದೆ ಬಿಟ್ಟ ಸೆಕ್ಟರ್‌ಗಳು (ಡಿಸ್ಕ್‌ನ ಸಣ್ಣ ಸಣ್ಣ ತುಂಡು ಜಾಗಗಳು). 05 ಅಂದರೆ ಕೈಬಿಟ್ಟು ಬೇರೆ ಜಾಗಕ್ಕೆ ಬದಲಾಯಿಸಿದ್ದು. ಸಿ7 ಅಂದರೆ ಡಿಸ್ಕ್‌ಗೂ ಕಂಪ್ಯೂಟರ್‌ಗೂ ನಡುವೆ ಡೇಟಾ ಸಾಗುವಾಗ ಆದ ತಪ್ಪುಗಳ ಎಣಿಕೆ, ಅದು ಏರುತ್ತಿದ್ದರೆ ಮೊದಲು ಕೇಬಲ್ ಬದಲಿಸಿ, ಹೆಚ್ಚಿನ ಸಲ ಗಲಾಟೆ ಅಲ್ಲೇ. ಹೊಸ ಕೇಬಲ್ ಹಾಕಿದರೂ ಆ ಸಂಖ್ಯೆ ಇಳಿಯಲ್ಲ, ಮುಂದೆ ಏರದಿದ್ದರೆ ಸಾಕು.

ಆ ಆಫೀಸಿನಲ್ಲಿ ಆಗಲೇ ಯಾರೋ ಕಂಟ್ರೋಲ್ ಪ್ಯಾನೆಲ್‌ನಿಂದ ಆಂಟಿವೈರಸ್ ತೆಗೆದಿದ್ದರು, ಕಂಪನಿ ಹೆಸರು ಬೇಡ ಬಿಡಿ. ಐಕಾನ್ ಹೋಗಿತ್ತು, ಆದರೆ ಅಡ್ಮಿನ್ ಕಮಾಂಡ್ ಪ್ರಾಂಪ್ಟ್‌ನಲ್ಲಿ ಎಫ್‌ಎಲ್‌ಟಿಎಂಸಿ (fltmc) ಕಮಾಂಡ್ ಕೊಟ್ಟರೆ ಅದರ ಫಿಲ್ಟರ್ ಡ್ರೈವರ್, ಅಂದರೆ ಫೈಲ್‌ಗಳ ದಾರಿಯಲ್ಲಿ ನಿಂತು ತಪಾಸಣೆ ಮಾಡುವ ಭಾಗ, ಹಾಯಾಗಿ ಕೂತಿದೆ! ಆ ಪಟ್ಟಿಯಲ್ಲಿ ಆಲ್ಟಿಟ್ಯೂಡ್ (ಫಿಲ್ಟರ್‌ಗಳ ಸರದಿ ಹೇಳುವ ಸಂಖ್ಯೆ) 32ರಿಂದ ಶುರುವಾಗುವ ಆರಂಕಿಯವು ಆಂಟಿವೈರಸ್ ಗುಂಪು, ವಿಂಡೋಸ್‌ನ ಸ್ವಂತ ಡಿಫೆಂಡರ್ 328010ರಲ್ಲಿರುತ್ತದೆ. ಫೈಲಿನ ಪ್ರತಿ ಓದು, ಬರಹ ಇವುಗಳನ್ನು ದಾಟಿಯೇ ಹೋಗಬೇಕು. ಇಂಥ ಪಳೆಯುಳಿಕೆ ತೆಗೆಯಲು ಹೆಚ್ಚಿನ ಕಂಪನಿಗಳು ಬೇರೆ ಟೂಲ್ ಕೊಡುತ್ತವೆ. ಕೆಲವನ್ನು, ಉದಾಹರಣೆಗೆ ಇಸೆಟ್ ಆಂಟಿವೈರಸ್‌ನದನ್ನು, ಅಗತ್ಯದ್ದನ್ನು ಮಾತ್ರ ತೆರೆಯುವ ಸೇಫ್ ಮೋಡ್‌ನಲ್ಲೇ ಓಡಿಸಬೇಕು. ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಬೀಗ) ಇದ್ದರೆ ರಿಕವರಿ ಕೀ ಕೈಯಲ್ಲಿಟ್ಟುಕೊಂಡೇ ರೀಸ್ಟಾರ್ಟ್ ಮಾಡಿ, ಇಲ್ಲದಿದ್ದರೆ ಅಲ್ಲೇ ನಿಂತುಬಿಡುತ್ತೀರಿ.

ಆದರೆ ಸಿ5 ಹಾಗಿದ್ದಾಗ ನಾನು ಟೂಲ್ ಮುಟ್ಟಲಿಲ್ಲ, ವಿಂಡೋಸ್‌ನ ಡಿಸ್ಕ್ ತಪಾಸಣೆ ಚೆಕ್‌ಡಿಸ್ಕ್ ಕೂಡ ಓಡಿಸಲಿಲ್ಲ. ಸಾಯುತ್ತಿರುವ ಡಿಸ್ಕ್‌ಗೆ ಅದು ಜಾಸ್ತಿ ಕೆಲಸ ಕೊಟ್ಟಂತೆ. ಲಿನಕ್ಸ್ ಪೆನ್ ಡ್ರೈವ್‌ನಿಂದ ಬೂಟ್ ಮಾಡಿ ಡಿಡಿರೆಸ್ಕ್ಯೂ ಎಂಬ ಕಾಪಿ ಟೂಲ್‌ನಿಂದ ಹೊಸ ಡಿಸ್ಕ್‌ಗೆ ಕಾಪಿ ಎಳೆದೆ. ಅದು ಚೆನ್ನಾಗಿರುವ ಭಾಗವನ್ನು ಮೊದಲು ಎತ್ತಿಕೊಂಡು, ಕೆಟ್ಟ ಜಾಗಕ್ಕೆ ಆಮೇಲೆ ಬರುತ್ತದೆ. ಎಲ್ಲಿಯವರೆಗೆ ಆಯಿತೆಂದು ಬರೆದಿಡುವ ಮ್ಯಾಪ್ ಫೈಲ್ ಕೊಟ್ಟಿದ್ದರೆ ಕರೆಂಟ್ ಹೋದರೂ ನಿಂತಲ್ಲಿಂದ ಮುಂದುವರಿಯುತ್ತದೆ. ಆಂಟಿವೈರಸ್‌ನ ಉಳಿಕೆ ತೆಗೆದದ್ದು ಹೊಸ ಡಿಸ್ಕ್‌ನಲ್ಲಿ.

ಇನ್ನು ಕ್ರಿಸ್ಟಲ್‌ಡಿಸ್ಕ್‌ಇನ್ಫೋದ ಕೊರತೆ. ನೀಲಿ ಬಂತು ಅಂತ ಬ್ಯಾಕಪ್ ಬಿಡಬೇಡಿ. 2007ರಲ್ಲಿ ಗೂಗಲ್ ತನ್ನದೇ ಡಿಸ್ಕ್‌ಗಳ ಅಧ್ಯಯನ ಪ್ರಕಟಿಸಿತು. ಕೆಟ್ಟುಹೋದ ಡಿಸ್ಕ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಯಾವ ಮುಖ್ಯ ಸ್ಮಾರ್ಟ್ ಸೂಚನೆಯನ್ನೂ ಕೊಟ್ಟಿರಲಿಲ್ಲ. ಎಸ್‌ಎಸ್‌ಡಿಯ ಶೇಕಡಾವಾರು ಆರೋಗ್ಯವೂ ಮುಖ್ಯವಾಗಿ ಸವೆತದ ಲೆಕ್ಕ, ಫರ್ಮ್‌ವೇರ್ (ಡಿಸ್ಕ್‌ನ ಒಳಗಿನ ತಂತ್ರಾಂಶ) ದೋಷ ಅದಕ್ಕೆ ಕಾಣುವುದಿಲ್ಲ. ಸರ್ವರ್ ಕಂಪನಿ ಎಚ್‌ಪಿಇಯ ಕೆಲವು ಎಸ್‌ಎಸ್‌ಡಿಗಳು 32,768 ಗಂಟೆ ಓಡಿದ ಮೇಲೆ ಸತ್ತೇಹೋಗುತ್ತವೆ ಅಂತ 2019ರಲ್ಲಿ ಕಂಪನಿಯೇ ಎಚ್ಚರಿಸಿ ಹೊಸ ಫರ್ಮ್‌ವೇರ್ ಬಿಡುಗಡೆ ಮಾಡಿತ್ತು. ಆದ್ದರಿಂದ ಪವರ್ ಆನ್ ಗಂಟೆಗಳ ಮೇಲೂ ಒಂದು ಕಣ್ಣಿರಲಿ, ಅದು ಇಲ್ಲಿ ಬಲಗಡೆಯೇ ಕಾಣುತ್ತದೆ.

ಸರ್ವರ್‌ನವರಿಗೆ ಇದು ಅಷ್ಟಾಗಿ ಆಗುವುದಿಲ್ಲ. ಹಲವು ಡಿಸ್ಕ್‌ಗಳನ್ನು ಒಂದಾಗಿಸುವ ಎಷ್ಟೋ ರೇಡ್ ಕಾರ್ಡ್‌ಗಳ ಹಿಂದಿರುವ ಡಿಸ್ಕ್ ಇದಕ್ಕೆ ಕಾಣುವುದೇ ಇಲ್ಲ. ಅಲ್ಲಿ ಸ್ಮಾರ್ಟ್‌ಸಿಟಿಎಲ್ (smartctl) ಕಮಾಂಡ್ ಬೇಕು, ಮೆಗಾರೇಡ್ ಕಾರ್ಡ್ ಆದರೆ ಡಿಸ್ಕ್ ನಂಬರ್ ಕೊಟ್ಟು ಒಂದೊಂದನ್ನೇ ಕೇಳಬಹುದು. ಮನೆ, ಸಣ್ಣ ಆಫೀಸಿಗೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ, ಆ ಹೆಕ್ಸ್‌ಗೆ ಅರ್ಧ ಕಟ್.